ಆಮೆಗೆ ಹೊಸ ಆಯಿಲ್

ಭಾನುವಾರ, ಮಾರ್ಚ್ ೯

ಪ್ರೀತಿಯ ಅಳಿಯನಿಗೆ,

ನಿನ್ನ ಅತ್ತೆ ಮನಸಾರೆ ಹರಸಿ ಬರೆಯುವುದು. ನಾನು ಚೆನ್ನಾಗಿದ್ದೇನೆ. ಎಡ ಮೊಣಕಾಲೊಂದನ್ನು ಬಿಟ್ಟರೆ ಉಳಿದ ಅಂಗಾಂಗಗಳೆಲ್ಲ ಹೇಳಿದ ಮಾತು ಕೇಳುತ್ತಿವೆ. ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಬರೆಯಲು ಕೂತು ಕೂತು ಎದ್ದಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಅಲ್ಲಿ ಅತ್ತರೆ ನಿನಗೆ ಗೊತ್ತಾಗಿಬಿಡುತ್ತದೆ. ಕಾಗದದಲ್ಲಿ ಆ ಭಯವಿಲ್ಲ.

ನೀನು ಪುಟ ತುಂಬ ಕಾರಿನ ಆಯಿಲ್ ಬಗ್ಗೆ ಬರೆದು, ಕೊನೆಯಲ್ಲಿ ಒಂದೇ ಸಾಲಿನಲ್ಲಿ ಮತ್ತೆ ಮದುವೆಯಾಗುತ್ತಿರುವ ಸುದ್ದಿ ತಿಳಿಸಿದ್ದೀಯ. ಮೊದಲು ಆ ಸಾಲಿಗೆ ಉತ್ತರ: ಒಳ್ಳೆಯದಾಯಿತು. ನನ್ನ ಮಗಳು ಹೋಗಿ ನಾಲ್ಕು ವರ್ಷ ಕಳೆಯಿತು. ಉಳಿದ ಆಯುಷ್ಯವೆಲ್ಲ ನೀನು ಒಂಟಿಯಾಗಿ ತಟ್ಟೆಯ ಮುಂದೆ ಕೂರಬೇಕೆಂದು ಯಾರೂ ಬರೆದಿಟ್ಟಿಲ್ಲ.

ಈಗ ಆಯಿಲ್ ವಿಷಯ. ಇನ್ನು ಮುಂದೆ ನಮ್ಮ ಆಮೆ ಕಾರಿಗೆ ಮಾಮೂಲಿ ಆಯಿಲ್ ಬೇಡ, ಸಿಂಥೆಟಿಕ್ ಹಾಕಿಸೋಣ ಎಂದಿದ್ದೀಯ. ಮಾಮೂಲಿಯದನ್ನು ನಾಲ್ಕೈದು ತಿಂಗಳಿಗೊಮ್ಮೆ ಬದಲಾಯಿಸಬೇಕು, ಇದಾದರೆ ವರ್ಷಕ್ಕೊಮ್ಮೆ ಸಾಕು, ಅದನ್ನೂ ಮೂಲೆಯ ಗ್ಯಾರೇಜಿನವರೇ ಮಾಡಿಕೊಡುತ್ತಾರೆ ಎಂದು. ಯೋಚನೆಯೇನೋ ಸರಿಯಾಗಿದೆ. ಅವಳು ಹೋದ ಮೇಲೆ ನೀನು ಈ ಮನೆಗೆ ಬರುವುದು ಆಯಿಲ್ ಬದಲಾಯಿಸುವ ಭಾನುವಾರಗಳಲ್ಲಿ ಮಾತ್ರ ಎಂಬುದೊಂದನ್ನು ಬಿಟ್ಟರೆ.

ಮೊದಲನೆಯ ಭಾನುವಾರ ನೆನಪಿದೆಯಾ? ನಿಮ್ಮ ಮದುವೆಯ ಹೊಸತು. ನಿನ್ನ ಮಾವನವರು ತೀರಿಕೊಂಡ ಮೇಲೆ ಅವರ ಕಾರು ಶೆಡ್ಡಿನಲ್ಲಿ ಧೂಳು ತಿನ್ನುತ್ತ ಬಿದ್ದಿತ್ತು. ಮಾರಿಬಿಡೋಣ ಎಂದಿದ್ದೆ. ನೀನು ಅಂಗಿಯ ತೋಳು ಮಡಚಿಕೊಂಡು ಕಾರಿನಡಿಗೆ ನುಗ್ಗಿದೆ. ಅವಳು ಹಳೇ ಎಣ್ಣೆ ಹಿಡಿಯುವ ಬಾಣಲೆಯನ್ನು ಒಳಗೆ ತಳ್ಳುವುದಕ್ಕೂ ನೀನು ಬೋಲ್ಟ್ ಬಿಚ್ಚುವುದಕ್ಕೂ ತಾಳೆಯಾಗದೆ, ಕಪ್ಪು ಎಣ್ಣೆಯೆಲ್ಲ ನಿನ್ನ ಮುಖದ ಮೇಲೆ ಹರಿದು ಕೊರಳಿಗಿಳಿಯಿತು. ಅಲ್ಲಿಯವರೆಗೆ ನಿನ್ನನ್ನು ನೀವು, ತಾವು ಎಂದು ಅಳಿಯತನದ ಗದ್ದುಗೆಯಲ್ಲಿ ಕೂರಿಸಿದ್ದೆ. ಅವತ್ತು ಗಾಬರಿಯಲ್ಲಿ "ಅಯ್ಯೋ ದಡ್ಡ, ಕಣ್ಣು ಮುಚ್ಕೊಳೋ" ಅಂದುಬಿಟ್ಟೆ. ಅವಳು ಬಿದ್ದು ಬಿದ್ದು ನಕ್ಕಳು.

"ಅಮ್ಮ, ಈಗ ನೋಡು ಇವರು ನಮ್ಮನೆಯವರಾದ್ರು" ಅಂದಳು.

ಆಮೇಲೆ ನಿನಗೆ ಮರ್ಯಾದೆ ವಾಪಸು ಸಿಗಲೇ ಇಲ್ಲ. ಈ ವಯಸ್ಸಿನಲ್ಲಿ ನನಗೆ ಓಡಿಸಲು ಕಲಿಸಿದ್ದೂ ನೀನೇ. ಎರಡನೇ ಗೇರು ದಾಟಲು ನಾನು ಒಪ್ಪದೇ ಇದ್ದದ್ದರಿಂದ ಪಾಪದ ಕಾರಿಗೆ ಆಮೆ ಎಂಬ ಹೆಸರು ಅಂಟಿಕೊಂಡಿತು.

ಅವಳು ಹೋದ ಮೇಲೆ ನೀನು ಮೊದಲ ಸಲ ಬಂದದ್ದೂ ಹಾಗೆಯೇ ಕಣ್ಣಿಗೆ ಕಟ್ಟಿದೆ. ನಾನು ಬಾಣಲೆ ತಳ್ಳಿದೆ, ನೀನು ಬೋಲ್ಟ್ ಬಿಚ್ಚಿದೆ. ಒಂದು ಹನಿಯೂ ಆಚೆ ಬೀಳಲಿಲ್ಲ. ಕೆಲಸ ಅಷ್ಟು ಅಚ್ಚುಕಟ್ಟಾದದ್ದು ನೋಡಿಯೇ ನನಗೆ ಅಳು ಬಂದದ್ದು.

ಇರಲಿ. ಕಳೆದ ವಾರ ಆಮೆಯನ್ನು ಗ್ಯಾರೇಜಿನ ಗೊಣಗಪ್ಪನವರ ಹತ್ತಿರ ಒಯ್ದೆ. ಆ ಹೆಸರಿಟ್ಟವಳು ನನ್ನ ಮಗಳೇ. ಈಗ ಬೀದಿಗೆ ಬೀದಿಯೇ ಹಾಗೆ ಕರೆಯುತ್ತದೆ. ಅವರು ಸಿಂಥೆಟಿಕ್ ಬೇಡ ಎನ್ನಲಿ ಎಂದೇ ಹೋಗಿದ್ದೆ. ಹಳೇ ಎಂಜಿನ್ನಿಗೆ ಅದು ಆಗಿಬರುವುದಿಲ್ಲ, ಸಂದುಗಳ ರಬ್ಬರ್ ಸೀಲುಗಳಿಂದ ಸೋರುತ್ತದೆ ಎಂದು ಯಾರೋ ಹೇಳಿದ್ದನ್ನು ಅವರ ಮುಂದಿಟ್ಟೆ. ಅವರು ಟಾರ್ಚು ಹಿಡಿದು ಅಡಿಯೆಲ್ಲ ತಡಕಾಡಿದರು. ಸೀಲು ಮೊದಲೇ ಸತ್ತಿದ್ದರೆ ಸೋರೀತು, ಇದರಲ್ಲಿ ಎಲ್ಲ ಗಟ್ಟಿಮುಟ್ಟಾಗಿವೆ, ಈ ಆಯಿಲ್ ಚಳಿಯಲ್ಲೂ ಬೇಗ ಹರಿಯುತ್ತದೆ, ಬಿಸಿಗೆ ಬೇಗ ಕೆಡುವುದಿಲ್ಲ ಎಂದು ಗೊಣಗಿದರು. ನಾನು ಬಿಡಬೇಕಲ್ಲ. ನಾನು ಹೋಗುವುದೇ ತರಕಾರಿ ಅಂಗಡಿಗೆ, ಕಾಲಿನ ಡಾಕ್ಟರ ಹತ್ತಿರಕ್ಕೆ. ಅಷ್ಟಕ್ಕೆ ಅಂಥ ದುಬಾರಿ ಆಯಿಲ್ ಯಾಕೆ ಎಂದೆ. ಹಾಗಾದರೆ ಮಾಮೂಲಿಯದೂ ನಡೆಯುತ್ತದೆ, ಹೊತ್ತುಹೊತ್ತಿಗೆ ಬದಲಾಯಿಸುತ್ತಿದ್ದರಾಯಿತು ಎಂದರು. ಅಷ್ಟು ಬೇಗ ಒಪ್ಪಿಕೊಂಡರೆಂದು ನನ್ನ ಮುಖ ಅರಳಿರಬೇಕು. ಅವರು ಕೈ ಒರೆಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

"ಅಮ್ಮಾ, ಎಂಜಿನ್ ಯಾವುದಕ್ಕೂ ತಕರಾರು ಮಾಡ್ತಿಲ್ಲ. ತಕರಾರು ನಿಮ್ಮದು. ನಿಮಗೆ ಏನು ಬೇಕೋ ಅದನ್ನ ಹೇಳಿ."

ಅಲ್ಲೇ ಇದ್ದ ಹಳೇ ಟೈರಿನ ಮೇಲೆ ಕೂತೆ. ನನಗೆ ಬೇಕಾದದ್ದೇನು? ಬೇಗ ಕೆಡುವ ಎಣ್ಣೆ ಹಾಕಿಸಿಕೊಂಡು, ಅದರ ನೆಪದಲ್ಲಿ ನಿನ್ನನ್ನು ಎಳೆದು ತರಿಸುವುದು. ಹೊಸದಾಗಿ ಸಂಸಾರ ಹೂಡುವವನು ಮೊದಲ ಹೆಂಡತಿಯ ತಾಯಿಯ ಕಾರಿನಡಿಯಲ್ಲಿ ಬೆನ್ನು ಹಾಸಿ ಮಲಗುವುದು. ಬರುವ ಹುಡುಗಿ ಬಾಯಿಬಿಟ್ಟು ಏನೂ ಅನ್ನದಿರಬಹುದು. ಆದರೆ ನನ್ನ ಮಗಳಿಗೆ ಇಂಥ ಪರಿಸ್ಥಿತಿ ಬಂದಿದ್ದರೆ ನಾನು ಏನೆನ್ನುತ್ತಿದ್ದೆ ಎಂದು ಕೇಳಿಕೊಂಡೆ. ಎದ್ದು, ಸಿಂಥೆಟಿಕ್ಕೇ ಹಾಕಿ ಎಂದೆ.

ಸೋರಿದರೆ ತಿಳಿಯಲಿ ಎಂದು ಕಾರಿನಡಿ ಒಂದು ರಟ್ಟು ಹಾಸಲು ಹೇಳಿ ಕಳಿಸಿದರು. ಮರುದಿನ ಹಲ್ಲುಜ್ಜುವ ಮೊದಲೇ ಹೋಗಿ ರಟ್ಟು ಎಳೆದು ನೋಡಿದೆ. ಒಂದು ಚುಕ್ಕೆಯೂ ಇಲ್ಲ. ಸಮಾಧಾನವೂ ಆಯಿತು, ಒಂದಿಷ್ಟು ಸಿಟ್ಟೂ ಬಂತು. ಸೋರಿದ್ದರೆ ನಿನಗೆ ಫೋನ್ ಮಾಡಲು ಒಂದು ಕಾರಣವಾದರೂ ಇರುತ್ತಿತ್ತು.

ಹಾಗಾಗಿ ನೀನಿನ್ನು ಆಯಿಲ್‌ಗಾಗಿ ಬರಬೇಕಾಗಿಲ್ಲ. ಬರುವುದಾದರೆ ಸುಮ್ಮನೆ ಬಾ. ಕೈ ಕೊಳೆ ಮಾಡಿಕೊಳ್ಳದೆ ಎದುರುಬದುರು ಕೂತು ಮಾತಾಡಿ ನಮ್ಮಿಬ್ಬರಿಗೂ ಅಭ್ಯಾಸವಿಲ್ಲ, ಕಲಿಯೋಣ. ಆ ಹುಡುಗಿಯನ್ನೂ ಕರೆದುಕೊಂಡು ಬಾ. ಇಬ್ಬರೂ ತಣ್ಣಗೆ ಬಾಳಿ. ನಿಮ್ಮ ಮನೆಯಲ್ಲಿ ನಗುವಿಗೆ ಯಾವತ್ತೂ ಬರ ಬಾರದಿರಲಿ.

ಇಂತಿ,
ನಿನ್ನ ಅತ್ತೆ

ಮತ್ತೊಂದು ಮಾತು: ಮೇಲಿನ ಸಹಿ ಹಾಕುವಾಗ ಕೈ ತಡೆಯಿತು. ಇನ್ನು ನಿನಗೆ ಬೇರೊಬ್ಬರು ಅತ್ತೆಯಾಗುತ್ತಾರೆ. ಅವರನ್ನು ಬಾಯ್ತುಂಬ ಹಾಗೆಂದೇ ಕರೆ. ಅದು ಅವರಿಗೆ ಸಲ್ಲಬೇಕಾದದ್ದು. ಬೀದಿಯವರೆಲ್ಲ ನನ್ನನ್ನು ಅಮ್ಮಾ ಎನ್ನುತ್ತಾರೆ, ಅದು ನನ್ನ ನರೆಗೂದಲಿಗೆ. ಅವಳು ಹೋದ ಮೇಲೆ ಸಂಬಂಧ ಹಿಡಿದು ನನ್ನನ್ನು ಕರೆಯುವ ಬಾಯಿ ಉಳಿದದ್ದು ನಿನ್ನದೊಂದೇ. ನೀವಿಬ್ಬರೂ ಬಂದು ಬಾಗಿಲಲ್ಲಿ ನಿಂತಾಗ ನೀನು ನನ್ನನ್ನು ಏನೆಂದು ಕೂಗುತ್ತೀಯ? ತಿಂಗಳಿಡೀ ಯೋಚಿಸಿದೆ, ನನಗೊಂದೂ ತೋಚಲಿಲ್ಲ. ನಿನ್ನ ಬಾಯಿಗೆ ಏನು ಬರುತ್ತದೋ ಹಾಗೆ ಕೂಗು. ಬೆಲ್ಲು ಮಾತ್ರ ಒತ್ತಬೇಡ.