ಕೂಡಿಸಿದರೆ ಕೂರದ ಕುರ್ಚಿ

ಮಾರ್ಚ್ 3, ಸೋಮವಾರ

ಮತ್ತೆ ಅದೇ ಕುರ್ಚಿ. ಹಲಗೆ ಒಂದು, ಬೆನ್ನು ಒಂದು, ಕಾಲು ನಾಲ್ಕು. ಒಂದೊಂದನ್ನೂ ಪರದೆಯ ಮೇಲೆ ಬೆರಳಲ್ಲಿ ಎಳೆದು ತರಬೇಕು, ತೂತಿಗೆ ನೇರ ಹಿಡಿಯಬೇಕು, ತಿರುಗಿಸಬೇಕು, ಆಮೇಲೆ ಬಟನ್ ಒತ್ತಬೇಕು. ಮೂರು ಕಾಲು ಕೂತವು. ನಾಲ್ಕನೆಯದು ಹಲಗೆ ತೂರಿಕೊಂಡು ಮೇಲೆ ಬಂತು. ಕುರ್ಚಿಗೆ ಕೊಂಬು!

ಈ ಆಟದಲ್ಲಿ ಕಾಣುವ ಕನ್ನಡವೆಲ್ಲ ನಾನು ಬರೆದದ್ದು. ಹಾಗಾಗಿ ಆಡುವವರು ಬೈಯುವುದೂ ನನ್ನನ್ನೇ.

ಪ್ರೋಗ್ರಾಂ ಬರೆಯುವವನಿಗೆ ಹೇಳಿದೆ. ಮಾತೆತ್ತಿದರೆ ಡಿಗ್ರಿ ಲೆಕ್ಕ ಹೇಳುತ್ತಾನೆ, ಅದಕ್ಕೇ ಆಫೀಸಿನಲ್ಲಿ ಅವನ ಹೆಸರು ಕೋನ.

"ಎರಡು ಡಿಗ್ರಿ ಆಚೀಚೆ ಆದ್ರೆ ಅದು ಕುರ್ಚಿನೇ ಅಲ್ಲ ಮೇಡಂ."

"ನಮ್ಮನೇಲಿರೋವೆಲ್ಲ ಓಲಾಡ್ತಾವಪ್ಪ. ಆದ್ರೂ ಕೂತ್ಕೋತೀವಿ."

"ಅದಕ್ಕೇ ನಿಮಗೆ ಬೆನ್ನು ನೋವು."

ಸಿಟ್ಟು ಬಂದ ದಿನ ಅವನ ಹೆಸರಿನ 'ನ' ನನ್ನ ಬಾಯಲ್ಲಿ 'ಣ' ಆಗುತ್ತದೆ. ಇವತ್ತು ಆಯಿತು.

ಮಾರ್ಚ್ 4

ಕಂಪನಿ ಯಜಮಾನರ ಮೀಟಿಂಗ್. ಅವರೇ ಆಡಲು ಹೋಗಿ ಟ್ಯಾಬ್ ಕುಕ್ಕಿ ಬಂದಿದ್ದರು.

"ಇದು ಆಟನಾ, ಪರೀಕ್ಷೆನಾ? ಹದಿನಾಲ್ಕಕ್ಕೆ ಹೊರಗಿನವರು ಬಂದು ಆಡ್ತಾರೆ. ಅವರ ಕೈಲಿ ಕುರ್ಚಿ ಆಗ್ಲಿಲ್ವೋ, ಜೋಡಣೆನೇ ಕಿತ್ತಾಕಿ. ರೆಡಿ ಕುರ್ಚಿ ಕೊಟ್ಬಿಡಿ. ಒತ್ತಿದ್ರೆ ಬರ್ಲಿ."

ಜೋಡಣೆಯೇ ಇಲ್ಲದಿದ್ದರೆ ಜೋಡಿಸುವುದು ಹೇಗೆಂದು ಬರೆಯುವವಳು ಯಾಕೆ? ಇದನ್ನು ಅವರು ಹೇಳಲಿಲ್ಲ. ಆದರೆ ಮಾತು ಮುಗಿಯುವವರೆಗೂ ನನ್ನ ಕಡೆ ನೋಡಲಿಲ್ಲ. ನಲವತ್ತೈದರಲ್ಲಿ ಹೊಸ ಕೆಲಸ ಹುಡುಕುವುದು... ಬೇಡ, ಬರೆಯುವುದಿಲ್ಲ.

ಮಾರ್ಚ್ 5, ಸಂಜೆ

ಸೂಚನೆ ಪದ್ಯವಾದರೆ ಜನಕ್ಕೆ ನೆನಪಿರುತ್ತದೆಂದು ಹೊಸೆದೆ:

ಕಾಲನು ತಂದು ತೂತಿಗೆ ಹಿಡಿ,
ಮೆಲ್ಲಗೆ ತಿರುಗಿಸಿ ಬಟನನು ಹೊಡಿ.

ಅತ್ತೆಯ ಕೈಗೆ ಟ್ಯಾಬ್ ಕೊಟ್ಟೆ. ಅವರ ಬಲಗೈ ಹೋದ ವರ್ಷದಿಂದ ನಡುಗುತ್ತದೆ. ಅವರಿಂದ ಆದರೆ ಯಾರಿಂದಲೂ ಆಗುತ್ತದೆ.

ಆಗಲಿಲ್ಲ. ಕಾಲು ತೂತಿನ ಸುತ್ತ ನೊಣದ ಹಾಗೆ ತಿರುಗಿತು.

"ಪದ್ಯ ಚೆನ್ನಾಗಿದೆ ಕಣೇ. ಕಾಲು ಮಾತ್ರ ಕೂರ್ತಿಲ್ಲ. ಇದಕ್ಕಿಂತ ಸಸಿ ನೆಟ್ಟು, ಮರ ಬೆಳೆಸಿ, ಕಡಿದು ಕುರ್ಚಿ ಮಾಡೋದು ಬೇಗ."

ಟ್ಯಾಬ್ ವಾಪಸ್ ಕೊಟ್ಟು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡರು. ಕೋಣ! ಕೋಣ! ಕೋಣ!

ಮಾರ್ಚ್ 10

ಪದ್ಯ ಕಿತ್ತುಹಾಕಿದೆ. ಜೀವ ಹೋದಂತಾಯಿತು.

ಪರದೆ ತುಂಬ ಮಾತಿದೆ, ಒಂದೇ ಪದ ಸಾಕು ಅಂತ ಕೋನನ ಹಟ. ಸರಿ. ಕಾಲನ್ನು ಕೂಡಿಸಿ. ಬೆನ್ನನ್ನು ಕೂಡಿಸಿ. ಕುರ್ಚಿ ಕೇಳುವ ಮುದುಕನೊಬ್ಬ ಆಟದಲ್ಲಿದ್ದಾನಲ್ಲ, ಕೊನೆಯಲ್ಲಿ ಅವನಿಗೂ — ಅಜ್ಜನನ್ನು ಕೂಡಿಸಿ. 'ಕೂರಿಸಿ' ಅನ್ನಬಹುದಿತ್ತು. ಸಾಲಿಗೆ ಸಾಲು ಹೊಂದಲಿ ಎಂಬ ಹಾಳು ಚಪಲ.

ಮಾರ್ಚ್ 12

ಅಜ್ಜ ಕುರ್ಚಿಗೆ ಅಂಟಿಕೊಂಡಿದ್ದಾನೆ.

'ಕೂಡಿಸಿ' ಇರುವಲ್ಲೆಲ್ಲ ಕೋನ ಜೋಡಣೆ ಹಾಕಿದ್ದಾನೆ. ಈಗ ಕುರ್ಚಿಯ ಏಳನೇ ಭಾಗ ಅಜ್ಜ. ಕುರ್ಚಿ ಎತ್ತಿದರೆ ಅಜ್ಜನೂ ಬರುತ್ತಾನೆ. ಮಗುಚಿದರೆ ತಲೆಕೆಳಗು, ನಗುಮುಖ ಹಾಗೇ.

"ಕೂಡಿಸೋದು ಅಂದ್ರೆ ಕೂರಿಸೋದು ಕಣಯ್ಯಾ!"

"ಮತ್ತೆ ಕಾಲು ಕೂಡಿಸೋದು?"

"ಅದು ಸೇರಿಸೋದು."

"ಎರಡಕ್ಕೂ ಒಂದೇ ಪದ ಬರ್ದು ನನ್ನ ಬೈತೀರಲ್ಲ ಮೇಡಂ!"

ಅವನು ಹೇಳಿದ್ದು ಸರಿ. ಆದ್ದರಿಂದ ಇನ್ನೂ ಸ್ವಲ್ಪ ಬೈದೆ.

ಸಂಜೆ ಅತ್ತೆಗೆ ತೋರಿಸಿದೆ, ನಗಲಿ ಎಂದು. ನಗಲಿಲ್ಲ. ಅಜ್ಜನನ್ನು ಕುರ್ಚಿಯಿಂದ ಕಿತ್ತರು. ನಡುಗುವ ಕೈಯಲ್ಲೇ ಹತ್ತಿರ ತಂದು ಬಿಟ್ಟರು. ಕೂತ. ಮತ್ತೆ ಕಿತ್ತರು, ಓರೆಯಾಗಿ ಬಿಟ್ಟರು. ಕೂತ. ಬೆನ್ನು ತಿರುಗಿಸಿ ಬಿಟ್ಟರು. ತಾನೇ ತಿರುಗಿ ಕೂತ.

"ಈ ಮುದುಕನ್ನ ಹತ್ರ ತಂದ್ರೆ ಸಾಕಲ್ಲೇ. ನಿಮ್ಮ ಕಾಲಿಗೇನು ದೊಡ್ಡ ರೋಗ?"

ಹೌದಲ್ಲ! ಕೋನನಿಗೆ ಫೋನ್.

"ಅಜ್ಜನಿಗೆ ಎಷ್ಟು ಡಿಗ್ರಿ ಕೊಟ್ಟಿದೀಯ?"

"ಅಜ್ಜಂಗೆ ಡಿಗ್ರಿ ಇಲ್ಲ ಮೇಡಂ. ಅವನು ಮನುಷ್ಯ. ಹತ್ರ ಬಂದ್ರೆ ಅವನೇ ಸರಿಯಾಗಿ ಕೂತ್ಕೋತಾನೆ."

"ಕಾಲೂ ಮನುಷ್ಯ ಅಂತ ಬರ್ಕೋ."

ಆ ಕಡೆ ಕೀಲಿಮಣೆ ಕುಟ್ಟುವ ಸದ್ದು.

"ಆಗುತ್ತೆ... ಆದ್ರೆ ಬರೆಯೋಕೆ ನಾಚ್ಕೆ ಆಗುತ್ತೆ."

"ಇನ್ನೆರಡು ದಿನ ಇದೆ. ನಾಚ್ಕೊಂಡೇ ಬರಿ."

ಮಾರ್ಚ್ 14, ಶುಕ್ರವಾರ

ಹೊರಗಿನವರು ಬಂದರು. ಒಬ್ಬ ಬಸ್ ಡ್ರೈವರ್, ಒಬ್ಬ ಕ್ಷೌರಿಕ, ಒಬ್ಬರು ರಿಟೈರ್ಡ್ ಟೀಚರ್. ಯಜಮಾನರು ಬಾಗಿಲಿಗೆ ಒರಗಿ ಕೈಕಟ್ಟಿ ನಿಂತಿದ್ದರು. ನಾನೂ ಕೋನನೂ ಒಂದೇ ಉಗುರು ಕಚ್ಚುವುದೊಂದು ಬಾಕಿ.

ಡ್ರೈವರ್ ಕಾಲನ್ನು ಹಲಗೆಯ ಹತ್ತಿರ ತಂದು ಬಿಟ್ಟ. ಕಾಲು ತಾನೇ ತಿರುಗಿತು, ತೂತು ಹುಡುಕಿತು, ಟಕ್. ಕ್ಷೌರಿಕನದೂ ಟಕ್. ಟೀಚರ್ ಕಾಲನ್ನು ಬುಡಮೇಲು ಹಿಡಿದಿದ್ದರು — ಕೋನ ಕಣ್ಣು ಮುಚ್ಚಿಕೊಂಡ — ಟಕ್.

"ಇಷ್ಟೇನಾ?" ಅಂದರು ಟೀಚರ್, ಸ್ವಲ್ಪ ಬೇಜಾರಿನಲ್ಲೇ. "ಮೇಜಿಲ್ವಾ?"

ಯಜಮಾನರು ಕೈ ಬಿಚ್ಚಿದರು. "ಇರ್ಲಿ," ಅಂದರು. ಹೊರಟವರು ತಿರುಗಿ ಈ ಸಲ ನನ್ನನ್ನೇ ನೋಡಿ, "ಮೇಜಿಗೂ ಬರೀರಿ."

ಕೆಲಸದಲ್ಲಿ ಇದ್ದೇನೆ. ಕೋನನ ಬೆನ್ನು ತಟ್ಟಿದೆ. ಇವತ್ತಿಗೆ 'ನ'.

ಮಾರ್ಚ್ 16, ಭಾನುವಾರ

ಮೇಜು ಪರೀಕ್ಷೆ ಮಾಡಿ ಎಂದು ಊಟವಾದ ಕೂಡಲೇ ಅತ್ತೆಗೆ ಟ್ಯಾಬ್ ಕೊಟ್ಟದ್ದೇ ತಪ್ಪಾಯಿತು. ಈಗ ಎಲ್ಲದಕ್ಕೂ ಎಲ್ಲವೂ ಕೂರುತ್ತದೆ. ಮೇಜಿಗೆ ಕುರ್ಚಿಯ ಬೆನ್ನು, ಬೆನ್ನಿಗೆ ಕಾಲು, ಕಾಲಿಗೆ ಇನ್ನೊಂದು ಮೇಜು. ಅದು ಚಾವಣಿ ಮುಟ್ಟಿದೆ.

"ಏನತ್ತೆ ಇದು?"

"ನಂಗೇನು ಗೊತ್ತು. ತಂದು ಬಿಟ್ಟೆ, ಕೂತ್ಕೊಂತು."

"ಮೇಜಿಗೆ ನಾಲ್ಕೇ ಕಾಲು ಅತ್ತೆ."

"ನಿಂಗೆ ನಾಲ್ಕು ಸಾಕಿರಬಹುದು. ನನ್ ಕೈಲಿ ಆಗ್ತಿರೋದೇ ಈಗ."

ಕೋನನಿಗೆ ಫೋನ್ ಮಾಡಿದೆ. ಎಲ್ಲಿ ಏನು ಕೂರಬಾರದು ಅಂತ ಪಟ್ಟಿ ಬೇಕಂತೆ, ಸಂಜೆಯೊಳಗೆ, ನಾನೇ ಬರೆಯಬೇಕಂತೆ. ಕೋಣ. ಬರೆಯೋಣ ಅಂದರೆ ಟ್ಯಾಬ್ ಅತ್ತೆಯ ಹತ್ತಿರ.

"ಕೊಡಿ ಅತ್ತೆ, ಕೆಲಸ ಇದೆ."

"ತಾಳೇ. ಇನ್ನೊಂದೇ ಒಂದು ಕಾಲು..."

ಎರಡು ಕೈಯಲ್ಲೂ ಆಡುತ್ತಿದ್ದಾರೆ. ಮತ್ತೆ ಟಕ್. ಮತ್ತೆ ಟಕ್.