ಟೆಂಡರ್ ಷರತ್ತೇ ಅಂತಿಮ

9 ಫೆಬ್ರವರಿ 2006
ಮತ್ತೆ ಫರೀದಾಬಾದ್ ಸೈಟು. ಫ್ಲೈಓವರಿನ ಹದಿಮೂರನೇ ಕಂಬ ಬರುವ ಜಾಗ ಕಾಲಿಟ್ಟರೆ ಮೆತ್ತಗೆ. ಚಹಾದ ಭಯ್ಯಾನನ್ನು ಕೇಳಿದೆ. ಅಲ್ಲಿ ಕೆರೆಯಿತ್ತಂತೆ, ಎಮ್ಮೆ ತೊಳೆಯುತ್ತಿದ್ದರಂತೆ. ಕಸ ಸುರಿದು ಮುಚ್ಚಿದ್ದಾರೆ. ನಮ್ಮ ಇಲಾಖೆಯ ಮಣ್ಣು ಪರೀಕ್ಷೆಯ ರಿಪೋರ್ಟಿನಲ್ಲಿ ಸುಳಿವೇ ಇಲ್ಲ. ಅಲ್ಲಿ ಕೊರೆದೇ ಇಲ್ಲ, ಸುಳಿವು ಹೇಗೆ ಸಿಗಬೇಕು...

10 ಫೆಬ್ರವರಿ
ಚಂದ್ರಮೋಹನ ಸರ್‌ಗೆ ಹೇಳಿದೆ. ನನ್ನ ಮೇಲಧಿಕಾರಿ, ಮೈಸೂರಿನವರು. ಹೊಲಸು ಕೆಲಸ ಹೇಳುವಾಗ ಮಾತ್ರ ಕನ್ನಡ ನೆನಪಾಗುತ್ತದೆ.
"ಸರಳಾ, ಈ ಸಲ ಡಿಸೈನ್-ಬಿಲ್ಡ್ ಕಣಮ್ಮ. ಡಿಸೈನೂ ಕಂಟ್ರಾಕ್ಟರ್‌ದೇ, ಕಟ್ಟೋದೂ ಅವನೇ. ನೆಲದ ರಿಸ್ಕೂ ಅವನದೇ. ನಮಗ್ಯಾಕೆ ಉಸಾಬರಿ?"
ಕೆಲಸ ಬೇಗ ಮುಗಿಯಲೆಂದು ತಂದ ಪದ್ಧತಿ. ಈ ಮನುಷ್ಯನಿಗೆ ಕೈ ತೊಳೆದುಕೊಳ್ಳಲು ಅನುಕೂಲ.

24 ಫೆಬ್ರವರಿ, ಸಂಜೆ
ಟೆಂಡರ್ ಹಾಕುವ ಕಂಪನಿಗಳ ಜೊತೆ ಮೀಟಿಂಗ್. ಪೂಣಚ್ಚ ಎದ್ದರು — ಸೈನ್ಯದಿಂದ ನಿವೃತ್ತರು, ಈಗ ಒಂದು ಕಂಪನಿಯ ಇಂಜಿನಿಯರ್. "ಹದಿಮೂರರಲ್ಲಿ ನೆಲ ಕುಸೀತದೆ. ಕೆಳಗೆ ಏನಿದೆ?"
ಲಿಖಿತ ಉತ್ತರ ಎಲ್ಲ ಕಂಪನಿಗಳಿಗೂ ಹೋಗಬೇಕು. ಬರೆಯುವವಳು ನಾನು. ಸರ್ ಬಾಯಲ್ಲೇ ಹೇಳಿದರು, "ಕೆರೆ ಅಂತ ಬರೆದ್ರೆ ಟೆಂಡರ್ ಮತ್ತೆ ಮೊದಲಿಂದ. 'ಟೆಂಡರ್ ಷರತ್ತೇ ಅಂತಿಮ' ಅಂತ ಹಾಕಿ. ಯಾವಾಗ್ಲೂ ಹಾಕೋದೇ ಅಲ್ವಾ."
ಹಾಕಿದೆ. ಸಹಿಯನ್ನೂ. ಥೂ ನನ್ನ ಜನ್ಮಕ್ಕೆ.

3 ಮೇ
ಪೂಣಚ್ಚನವರ ಕಂಪನಿ ಸೋತಿತು. ನೆಲ ಗಟ್ಟಿ ಮಾಡುವ ಖರ್ಚನ್ನೂ ಸೇರಿಸಿದ್ದರು. ಏನೂ ಕೇಳದವನ ದರ ಕಡಿಮೆ, ಕೆಲಸ ಅವನಿಗೆ. ಸರ್ ಪೇಡಾ ಹಂಚಿದರು. ತಿನ್ನಲಿಲ್ಲ.

19 ಜನವರಿ 2007
ಹದಿಮೂರರಲ್ಲಿ ನೆಲ ಕುಸಿದು ಕೊರೆಯುವ ಯಂತ್ರ ಉರುಳಿತು. ಆಪರೇಟರ್ ಸತ್ತ. ಸತ್‌ಪಾಲ್, ಇಪ್ಪತ್ತಾರು ವರ್ಷ.
ಸರ್ ಫೋನಿನಲ್ಲಿ ನಿರಾಳ. "ರಿಸ್ಕ್ ಅವರದು. ಊಟ ಮಾಡಿ ಮಲಗಿ."
ಈ ಮನುಷ್ಯನನ್ನು ನೆನೆದರೆ ಮೈ ಉರಿಯುತ್ತದೆ. ನನ್ನನ್ನು ನೆನೆದರೂ.

22 ಜನವರಿ
ವಿಚಾರಣೆ. ಕೆರೆಯ ವಿಷಯ ಇಲಾಖೆಯಲ್ಲಿ ಯಾರಿಗಾದರೂ ಗೊತ್ತಿತ್ತೇ ಎಂದು ಅಧಿಕಾರಿ ಕೇಳಿದರು. ಸರ್ ಥಟ್ಟನೆ ಇಲ್ಲವೆಂದರು. ನನ್ನ ಕಡೆ ತಿರುಗಿ, ಕನ್ನಡದಲ್ಲಿ, "ಸುಮ್ನಿರಿ. ಸಹಿ ನಿಮ್ದು."
"ನನಗೆ ಗೊತ್ತಿತ್ತು" ಎಂದೆ, ಅಧಿಕಾರಿಗೆ, ಹಿಂದಿಯಲ್ಲಿ.
ಬರೆದುಕೊಡಿ ಎಂದರು ಅವರು. ಕೊಟ್ಟೆ. ಸರ್ ಹೇಳಿದ್ದಕ್ಕೆ ಸಾಕ್ಷಿಯಿಲ್ಲ. ನೌಕರಿ ಹೋದರೆ ಹೋಗಲಿ.
ಹೊರಗೆ ಬೆಂಚಿನ ಮೇಲೆ ಸತ್‌ಪಾಲನ ಹೆಂಡತಿ. ಬಾಗಿಲು ತೆರೆದೇ ಇತ್ತು, ಎಲ್ಲ ಕೇಳಿಸಿಕೊಂಡಿದ್ದಳು. ನನ್ನ ಕೈ ಹಿಡಿದಳು.
"ಮೇಡಂ, ಆಪ್ ಕೋ ಕಬ್ ಸೇ ಪತಾ ಥಾ?"
ಯಾವಾಗಿನಿಂದ ಗೊತ್ತಿತ್ತು ಎಂದು ಹೇಳಿದೆ, ಹೋದ ಫೆಬ್ರವರಿಯಿಂದ. ಬೆರಳು ಮಡಚಿ ತಿಂಗಳು ಎಣಿಸಿದಳು. ಹನ್ನೊಂದಕ್ಕೆ ಬಂದಾಗ ನನ್ನ ಮುಖ ನೋಡಿದಳು. ಆಮೇಲೆ ಕೈ ಬಿಟ್ಟಳು.