ಬಣ್ಣ ಬದಲಿಸಿದ ಆರತಿ

ಮಧುಗಿರಿ
ಧಾತು ಸಂವತ್ಸರ, ಕಾರ್ತೀಕ ಶುದ್ಧ ಪಂಚಮಿ, ೧೯೩೬

ಚಿರಂಜೀವಿ ಪರ್ವತಯ್ಯನಿಗೆ ನಿನ್ನ ತಾಯಿಯ ಮನಸಾರೆ ಆಶೀರ್ವಾದ.

ನೀನೂ ಸೊಸೆಯೂ ಸೌಖ್ಯವೆಂದು ನಂಬಿದ್ದೇನೆ. ಭದ್ರಾವತಿಯ ಚಳಿಜ್ವರ ಬಿಟ್ಟಿತೇ? ನಾನು ಕಷಾಯ ಕೊಟ್ಟರೆ ಮೂಗು ಮುರಿಯುವವನು, ಡಾಕ್ಟರು ಕೊಟ್ಟರೆ ಅದಕ್ಕಿಂತ ಕಹಿಯಾದದ್ದನ್ನೂ ಗಟಗಟ ಕುಡಿಯುತ್ತೀಯಂತೆ. ಹಿತ್ತಲ ಗಿಡ ಮದ್ದಲ್ಲ, ಇರಲಿ. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ತಮ್ಮ ನಂದೀಶನ ಮಗಳು ಇಂದ್ರಮ್ಮನಿಗೆ ಇದು ಮದುವೆಯಾದ ಮೇಲಿನ ಮೊದಲ ದೀಪಾವಳಿ. ಅಳಿಯನ ಜೊತೆ ಕೊರಟಗೆರೆಯ ಬೀಗಿತ್ತಿಯೂ ಬಂದು, ಹೋಳಿಗೆ ಉಂಡು, ನಿನ್ನೆ ಹೊರಟರು.

ಹೋದ ಕಾಗದದಲ್ಲಿ ನೀನು ಬರೆದಿದ್ದೆ, ನಿನ್ನ ಮಗಳು ಕರಿಬಸಿಯ ಓದು ನಾಲ್ಕನೆಯ ಕ್ಲಾಸಿಗೇ ನಿಂತುಹೋಗಿದೆ, ಹಬ್ಬ ಕಳೆದ ಮೇಲೆ ಬಂದು ಅವಳನ್ನು ಭದ್ರಾವತಿಯ ಶಾಲೆಗೆ ಕರೆತರುತ್ತೇನೆ, ಮಧುಗಿರಿಯಲ್ಲಿ ಅವಳಿಗೆ ಸೈನ್ಸು ಹೇಳಿಕೊಡುವವರು ಯಾರಿದ್ದಾರೆ ಎಂದು. ಓದಿ ನನಗೆ ಮೈಯೆಲ್ಲ ಉರಿಯಿತು. ಮೊಲೆ ಬಿಟ್ಟಾಗಿನಿಂದ ಆ ಮಗು ನನ್ನ ಮಗ್ಗುಲಲ್ಲೇ ಮಲಗಿದ್ದು. ಅವಳನ್ನು ಕಳಿಸಿ ನಾನು ಹೇಗಿರಲಿ? ಅದಕ್ಕೇ ಹಟ ತೊಟ್ಟೆ. ಹಬ್ಬದ ಸಾಮಾನಿನಲ್ಲೇ ಅವಳಿಗೆ ಸೈನ್ಸು ಕಲಿಸಿ, ನೀನು ಬಂದಾಗ ಅವಳ ಬಾಯಿಂದಲೇ ಹೇಳಿಸಿ, ನಿನ್ನನ್ನು ಬರಿಗೈಯಲ್ಲಿ ವಾಪಸು ಕಳಿಸುವುದೆಂದು.

ಮೊದಲ ಪಾಠ ನೀರು ತುಂಬುವ ಸಂಜೆ. ಹಂಡೆ ತೊಳೆದು, ಸುಣ್ಣದ ಪಟ್ಟೆ ಬಳಿದು, ನೀರು ತುಂಬಿದ ಮೇಲೆ, ತಂಬಿಗೆಯ ತಳಕ್ಕೆ ಒಣಬಟ್ಟೆ ತುರುಕಿ ಬೋರಲಾಗಿ ನೀರಿಗೆ ಒತ್ತಿದೆ. ಮೇಲೆತ್ತಿದರೆ ಬಟ್ಟೆ ಒಂದಿಷ್ಟೂ ನೆಂದಿರಲಿಲ್ಲ. ನಂದೀಶನ ಹುಡುಗರು ಹೋ ಎಂದು ಕೂಗಿದರು. “ಒಳಗೆ ಗಾಳಿ ಕೂತೈತೆ ಕಣ್ರೋ, ಅದು ಜಾಗ ಬುಟ್ರೆ ತಾನೆ ನೀರು ಬರೋದು” ಎಂದು ಬೀಗಿದೆ. ಹಣತೆಯ ಮೇಲೆ ಮಡಕೆ ಕವುಚಿ ದೀಪ ಆರಿದ್ದನ್ನೂ ತೋರಿಸಿದೆ. ಹುಣಸೆಹಣ್ಣಿನಿಂದ ತಿಕ್ಕಿದ ತಾಮ್ರದ ಚೊಂಬು ಯಾಕೆ ಫಳಫಳ ಹೊಳೆಯುತ್ತದೆ ಎಂದು ಕರಿಬಸಿ ಕೇಳಿದಳು. ಹುಳಿಯ ಗುಣ ಎಂದೆ. ನನ್ನನ್ನು ಮೀರಿಸುವ ಮೇಷ್ಟ್ರು ಭದ್ರಾವತಿಯಲ್ಲಿ ಹುಟ್ಟಿಲ್ಲ ಅನ್ನಿಸಿತ್ತು.

ಚತುರ್ದಶಿಯ ಬೆಳಿಗ್ಗೆ ಅಳಿಯನಿಗೆ ಎಣ್ಣೆಸ್ನಾನವಾಯಿತು, ಮಣೆ ಹಾಕಿ ಕೂರಿಸಿದೆವು. ಅರಿಶಿನದ ನೀರಿಗೆ ಸುಣ್ಣ ಕಲಸಿದರೆ ಕೆಂಪಾಗುವುದನ್ನು ಕರಿಬಸಿಗೆ ತೋರಿಸುತ್ತಲೇ ಆರತಿಯ ನೀರು ಮಾಡಿ, ತಟ್ಟೆಗೆ ಸುರಿದು ನಂದೀಶನ ಹೆಂಡತಿಯ ಕೈಗೆ ಕೊಟ್ಟೆ. ಅವಳು ಎತ್ತುವಷ್ಟರಲ್ಲಿ ನೀರು ಹಳದಿಗೆ ತಿರುಗುತ್ತಿದೆ! ಬೀಗಿತ್ತಿ ಎದೆಯ ಮೇಲೆ ಕೈಯಿಟ್ಟುಕೊಂಡು, “ಅಯ್ಯೋ ಶಿವನೇ, ಹೊಸ ಅಳಿಯನ ಆರ್ತಿ ಬಣ್ಣ ಕಳ್ಕಂಬುಡ್ತಲ್ಲಮ್ಮಾ!” ಎಂದರು. ಇಂದ್ರಮ್ಮನ ಕಣ್ಣಲ್ಲಿ ನೀರು. ಕರಿಬಸಿ ತಟ್ಟೆಗೆ ಬಗ್ಗಿ ನೋಡಿ, “ಹುಣಸೆಹಣ್ಣು ಐತೆ ಕಣಜ್ಜಿ ಇದ್ರಾಗೆ” ಎಂದಳು. ಹಿತ್ತಾಳೆಯ ತಟ್ಟೆ ಮಿರಮಿರ ಮಿನುಗಲೆಂದು ನಾನೇ ಹುಣಸೆಹಣ್ಣು ಹಾಕಿ ತಿಕ್ಕಿದ್ದು. ಅವಸರದಲ್ಲಿ ಸರಿಯಾಗಿ ತೊಳೆಯದೆ ಅಂಚಿನಲ್ಲಿ ದಪ್ಪಗೆ ಮೆತ್ತಿಕೊಂಡಿತ್ತು. ಅವಳು ಆ ಮುದ್ದೆ ಕಿತ್ತೆಸೆದು, ಬೀಗಿತ್ತಿಯ ಎಲೆಯಡಿಕೆ ಸಂಚಿಯಿಂದಲೇ ಸುಣ್ಣ ಕೇಳಿ ಇಸಿದುಕೊಂಡು ಕಲಸಿದಳು. ನೀರು ಮತ್ತೆ ಕುಂಕುಮದಂತೆ ಕೆಂಪಾಯಿತು. ಬೀಗಿತ್ತಿ ಬಿದ್ದುಬಿದ್ದು ನಕ್ಕು, “ಇನ್ನೊಂದ್ಸಲ ಮಾಡು ಮಗಾ” ಎಂದರು. ಅಳಿಯ ಮಣೆಯ ಮೇಲೆ ಕೂತು ಕೂತು ಕಾಲು ಜೋಮು ಹಿಡಿಸಿಕೊಂಡ.

ಅಂದಿನಿಂದ ಅವಳದ್ದು ಒಂದೇ ಗೀಳು. ಬಿಳಿ ಬಟ್ಟೆಯ ಚೂರುಗಳನ್ನು ಅರಿಶಿನದಲ್ಲಿ ಅದ್ದಿ ಒಣಗಿಸಿ, ಮನೆಯಲ್ಲಿರುವುದನ್ನೆಲ್ಲ ತೊಟ್ಟಿಕ್ಕಿಸಿ ನೋಡುವುದು. ಮಜ್ಜಿಗೆಗೆ ಹಳದಿ ಹಳದಿಯಾಗಿಯೇ ಇತ್ತು, ಒಲೆಯ ಬೂದಿನೀರಿಗೆ ಕೆಂಪಾಯಿತು. ಯಾಕಜ್ಜಿ ಎಂದಳು. ಬೂದಿಯ ಗುಣ ಎಂದೆ. “ಗುಣ ಗುಣ ಅಂತೀಯಲ್ಲ, ಗುಣ ಅಂದ್ರೆ ಒಳಗೆ ಏನಾಯ್ತದೆ?” ಎಂದು ಕೇಳಿದಳು. ನನಗೆ ಗೊತ್ತಿಲ್ಲ ಮಗಾ ಎಂದೆ. ಅವಳನ್ನೇ ಕಳಿಸಿ ಮಠದ ಅಯ್ಯನವರನ್ನು ಕೇಳಿಸಿದೆ, ಅವರು ಶಿವನ ಲೀಲೆ ಎಂದು ವಿಭೂತಿ ಕೊಟ್ಟು ಕಳಿಸಿದರು. ಅವಳು ದಾರಿಯಲ್ಲೇ ಆ ವಿಭೂತಿಯನ್ನೂ ಬಟ್ಟೆಗೆ ಉಜ್ಜಿ ನೋಡಿದಳಂತೆ. ನಾನು ಬೈಯಬೇಕಿತ್ತು, ನಗು ಬಂತು.

ಸೊಸೆಗೆ ಆಶೀರ್ವಾದ ತಿಳಿಸು. ಕೊಬ್ಬರಿಮಿಠಾಯಿ ಕಟ್ಟಿಟ್ಟಿದ್ದೇನೆ. ಎದೆಗೆ ಚಳಿ ತಾಗಿಸಿಕೊಳ್ಳಬೇಡ.

ಸದಾ ನಿನ್ನ ಒಳಿತನ್ನೇ ಬಯಸುವ
ಸಿದ್ದಗಂಗಮ್ಮ

ಮರೆತ ಮಾತು: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಇವತ್ತು ಬೆಳಿಗ್ಗೆ ಕರಿಬಸಿ ಬಟ್ಟೆಯ ಚೂರೊಂದನ್ನು ಹಿಡಿದು ನನ್ನ ಹತ್ತಿರ ಓಡಿ ಬಂದಳು. ಬಾಯಿ ತೆರೆದಳು, ನನ್ನ ಮುಖ ನೋಡಿದಳು, ಏನೂ ಕೇಳದೆ “ಏನಿಲ್ಲ ಬುಡಜ್ಜಿ” ಎಂದು ಹೊರಟುಹೋದಳು. ನನಗೆ ನೋವಾದೀತೆಂದು ಪ್ರಶ್ನೆ ನುಂಗಿಕೊಂಡಳು ಕಣೋ. ನೀನು ಬಂದು ಅವಳನ್ನು ಕರೆದುಕೊಂಡು ಹೋಗು. ಅವಳಿಗೆ ಇನ್ನೂ ಹೇಳಿಲ್ಲ. ನನ್ನ ಮನಸ್ಸು ತಿರುಗುವ ಮೊದಲು ಬಾ.